ಪಾದೂರಿನ ಸುತ್ತಮುತ್ತ ಬಾವಿ ನೀರನ್ನು ಹೇಗೆ ಅಳೆದು ಪರೀಕ್ಷಿಸಬೇಕು?

ಉಡುಪಿ ಜಿಲ್ಲೆಯ ಪಾದೂರಿನ ಭೂಗತ ಕಚ್ಚಾ ತೈಲ ಸಂಗ್ರಹಾಗಾರದ ಆಸುಪಾಸಿನಲ್ಲಿ ಬಾವಿ ನೀರಿನ ಪ್ರಮಾಣವನ್ನೂ ಗುಣಮಟ್ಟವನ್ನೂ ತಿಳಿಯುವುದು ಹೇಗೆಂದು ಕೇಳಿದ್ದೀರಿ. ಇಲ್ಲಿ ಇವೆರಡನ್ನೂ ಬೇರ್ಪಡಿಸಿ ನೋಡಲಾಗದು. ಸುಮಾರು 25 ಲಕ್ಷ ಟನ್ ತೈಲ ಹಿಡಿಯಬಲ್ಲ ಈ ಗುಹೆಗಳಲ್ಲಿ, ಸುತ್ತಲಿನ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲದ ಒತ್ತಡವನ್ನು ಒಳಗಿನ ಒತ್ತಡಕ್ಕಿಂತ ಹೆಚ್ಚಾಗಿ ಕಾಯ್ದುಕೊಳ್ಳುವುದರಿಂದ, ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹರಿಯುವುದಿಲ್ಲ. ಆದ್ದರಿಂದ ನನ್ನ ದೃಷ್ಟಿಯಲ್ಲಿ ನೀರಿನ ಮಟ್ಟವೇ ಮೊದಲು ಗಮನಿಸಬೇಕಾದ ಸಂಗತಿ.

ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ ಮಳೆಗಾಲದಲ್ಲಿ ಬೇಗ ತುಂಬಿ, ಬೇಸಿಗೆಯ ಹೊತ್ತಿಗೆ ಬರಿದಾಗುವುದರಿಂದ ಒಂದೇ ಅಳತೆಯನ್ನು ನಂಬಬಾರದು. ಬೆಳಗ್ಗೆ ಪಂಪು ಹಾಕುವ ಮೊದಲು, ಬಾವಿಕಟ್ಟೆಯ ಒಂದೇ ಗುರುತಿನಿಂದ ನೀರಿನವರೆಗಿನ ಆಳವನ್ನು ಮೇ ಮತ್ತು ನವೆಂಬರ್‌ನಲ್ಲಾದರೂ ಅಳೆದು, ಮೇ ತಿಂಗಳನ್ನು ಹಿಂದಿನ ವರ್ಷಗಳ ಮೇ ತಿಂಗಳಿನೊಂದಿಗೇ ಹೋಲಿಸಬೇಕು.

ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಕಡ್ಡಿಯಿಂದ ಕದಡಿ ನೋಡಿ. ಅದು ಚೂರುಚೂರಾಗಿ ಒಡೆದು ಹಾಗೆಯೇ ಉಳಿದರೆ ಬಹುಮಟ್ಟಿಗೆ ಕಬ್ಬಿಣದ ಅಂಶ ಹಾಗೂ ಬ್ಯಾಕ್ಟೀರಿಯಾಗಳಿಂದಾದದ್ದು, ಮುರಕಲ್ಲಿನ ಸೀಮೆಯಲ್ಲಿ ಇದು ಅಪರೂಪವಲ್ಲ. ಸುಳಿದು ಮತ್ತೆ ಕೂಡಿಕೊಂಡರೆ ತೈಲವೆಂದು ಶಂಕಿಸಬೇಕು. ಆದರೆ ಕಚ್ಚಾ ತೈಲದಲ್ಲಿರುವ ಬೆಂಜೀನ್ ಎಂಬ ವಿಷಕಾರಿ ರಾಸಾಯನಿಕ ನೀರಿನಲ್ಲಿ ಕರಗಿದ್ದರೆ ಕಣ್ಣಿಗೆ ಕಾಣದು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ಕೇವಲ 10 ಮೈಕ್ರೋಗ್ರಾಂ. ಅದು ಗಾಳಿಗೆ ಆರಿಹೋಗುವುದರಿಂದ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಗುಳ್ಳೆಯಿಲ್ಲದಂತೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಒಯ್ಯಬೇಕು. ನೀರಿನ ಉಪ್ಪಿನಂಶವನ್ನು ಸೂಚಿಸುವ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಿದ್ದರೆ, ಕಡಲಂಚಿನ ಬಾವಿಗಳಲ್ಲಿ ಉಪ್ಪುನೀರು ನುಗ್ಗಿದೆಯೇ ಎಂದು ಮೊದಲು ಪರಿಶೀಲಿಸಿ.