ಟೋಕಿಯೋ ಪಕ್ಕದ ಚಿಬಾದಲ್ಲಿ ಮನೆ ಹಿಡಿಯೋರು ಬಾಡಿಗೆಗಿಂತ ಮೊದಲು ಗ್ಯಾಸ್ ಯಾವುದು ಕೇಳಿ

ಹೊಸ ಮನೆ ಸಿಕ್ತು ಅಂತ ಈ ಗುಂಪಲ್ಲಿ ನೀವು ಹಾಕಿರೋ ಮೂರನೇ ಫೋಟೋ ಸ್ವಲ್ಪ ದೊಡ್ಡದು ಮಾಡಿ ನೋಡಿ ಮಾರಾಯ್ರೆ. ಹಿಂದಿನ ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿರೋ ಬೂದು ಬಣ್ಣದ ಉದ್ದ ಸಿಲಿಂಡರುಗಳು ಕಾಣ್ತವಲ್ಲ? ಅದು ಪುರೋಪಾನ್, ಅಂದ್ರೆ ಸಿಲಿಂಡರಲ್ಲಿ ಬರೋ ಪ್ರೊಪೇನ್ ಗ್ಯಾಸ್. "ಮಾಕುಹಾರಿ ಹತ್ರ 1ಎಲ್‌ಡಿಕೆ (ಒಂದು ಕೋಣೆ, ಹಾಲ್, ಅಡುಗೆ ಮನೆ) 62 ಸಾವಿರ ಯೆನ್ ಬಾಡಿಗೆಗೆ ಸಿಕ್ತು, ಸ್ಟೇಷನ್‌ಗೆ ಬಸ್ಸಿದೆ, ಅಲ್ಲಿಂದ ಟೋಕಿಯೋ 35 ನಿಮಿಷ, ಶನಿವಾರ ಸಹಿ" ಅಂತ ಬರೆದಿದ್ದೀರಿ. ಕೆಳಗೆ ಎಲ್ಲರೂ ಅಭಿನಂದನೆ ಹೇಳಿ ಹೋಗಿದ್ದಾರೆ, ಗ್ಯಾಸ್ ಯಾವುದು ಅಂತ ಒಬ್ಬರೂ ಕೇಳಿಲ್ಲ. ಮೊದಲ ಸಲ ಚಿಬಾಕ್ಕೆ ಬಂದಾಗ ನಾವೂ ಹೀಗೇ ಬಾಡಿಗೆ ನೋಡಿ ಹಾರಿದ್ದು, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ರೇಕಿನ್ (ಮಾಲೀಕರಿಗೆ ಕೊಡೋ, ವಾಪಸ್ ಬಾರದ ದುಡ್ಡು), ಶಿಕಿಕಿನ್ (ಡಿಪಾಸಿಟ್), ಗ್ಯಾರಂಟಿ ಕಂಪನಿ ವಿಷಯ ನಿಮಗೆ ಗೊತ್ತಿರೋದೇ, ಅದು ಬಿಡಿ.

ಪುರೋಪಾನ್ ದರವನ್ನ ಸಿಟಿ ಗ್ಯಾಸ್ (ನೆಲದಡಿ ಪೈಪಲ್ಲಿ ಬರೋ ಗ್ಯಾಸ್) ದರದ ಪಕ್ಕ ಇಟ್ಟು ನೇರವಾಗಿ ಹೋಲಿಸಬೇಡಿ. ಒಂದು ಘನ ಮೀಟರ್ ಪುರೋಪಾನ್‌ನಲ್ಲಿ ಸಿಟಿ ಗ್ಯಾಸಿನ ಎರಡು ಪಟ್ಟಿಗೂ ಜಾಸ್ತಿ ಶಾಖ ಇರುತ್ತೆ, ಹಾಗಾಗಿ ಯೂನಿಟ್ ಕಮ್ಮಿ ಓಡುತ್ತೆ. ಆ ಲೆಕ್ಕ ಹಿಡಿದ ಮೇಲೂ ತಿಂಗಳ ಬಿಲ್ಲು ಒಂದೂವರೆಯಿಂದ ಎರಡು ಪಟ್ಟು ಬರೋದು ಮಾಮೂಲು. ಬೇಸಿಗೆಯಲ್ಲಿ ಗೊತ್ತೇ ಆಗಲ್ಲ. ಜನವರಿಯಲ್ಲಿ ದಿನಾ ಒಫುರೋ, ಅಂದ್ರೆ ಸ್ನಾನದ ತೊಟ್ಟಿ ತುಂಬಿಸಿ, ಅದನ್ನೇ ಎರಡು ಸಲ ಬಿಸಿ ಮಾಡಿ, ಪಾತ್ರೆಗೂ ಬಿಸಿನೀರು ಬಿಟ್ಟುಕೊಂಡಾಗ ನೋಡಿ. ಮೂರು ಜನರ ಮನೆಗೆ ಗ್ಯಾಸೊಂದೇ 20 ಸಾವಿರ ಯೆನ್ ದಾಟಿದ ಚೀಟಿ ನಮ್ಮ ಮನೆ ಪೋಸ್ಟ್ ಡಬ್ಬಿಗೆ ಬಿದ್ದಿತ್ತು. ಬಾಡಿಗೇಲಿ ಉಳಿಸಿದ ಐದಾರು ಸಾವಿರ ಅಲ್ಲಿಗೆ ಸ್ವಾಹಾ.

ಯಾಕೆ ಹೀಗೆ ಅಂದ್ರೆ, ಪುರೋಪಾನ್‌ಗೆ ಆಯಾ ಕಂಪನಿ ಇಟ್ಟಿದ್ದೇ ರೇಟು. ಕಟ್ಟಡಕ್ಕೆಲ್ಲ ಒಂದೇ ಕಂಪನಿ, ಬಾಡಿಗೆಗಿರೋರು ಬದಲಾಯಿಸೋ ಹಾಗಿಲ್ಲ. ಆ ಕಂಪನಿಯವರು ಮಾಲೀಕರಿಗೆ ಗೀಸರು, ಕೆಲವು ಕಡೆ ಎಸಿ, ಇಂಟರ್‌ಕಾಮ್ ಕೂಡ ಪುಕ್ಕಟೆ ಹಾಕಿಕೊಟ್ಟು ದುಡ್ಡನ್ನ ನಮ್ಮ ಗ್ಯಾಸ್ ಬಿಲ್ಲಲ್ಲಿ ಎಳ್ಕೊಳ್ತಿದ್ರು. ಈಗ ಸರ್ಕಾರ ಬಿಗಿ ಮಾಡಿದೆ. 2025ರ ಏಪ್ರಿಲ್‌ನಿಂದ ಮೂಲ ದರ, ಬಳಕೆ ದರ, ಸಲಕರಣೆ ದರ ಬೇರೆ ಬೇರೆ ತೋರಿಸಬೇಕು, ಹೊಸ ಕರಾರಿನಲ್ಲಿ ಎಸಿ ಖರ್ಚೆಲ್ಲ ಗ್ಯಾಸಿಗೆ ಸೇರಿಸೋ ಹಾಗಿಲ್ಲ. ಹಾಗಂತ ರೇಟು ಇಳಿದುಬಿಡ್ತು ಅಂದ್ಕೋಬೇಡಿ. ಏಜೆಂಟನ್ನ ಒಂದೇ ಪ್ರಶ್ನೆ ಕೇಳಿ: "ತೋಷಿ ಗಾಸು ದೆಸು ಕಾ?" (ಸಿಟಿ ಗ್ಯಾಸಾ?) ಅವರು ತಲೆ ಕೆರ್ಕೊಂಡ್ರೆ ದರಪಟ್ಟಿ ಬೇಕೇ ಬೇಕು ಅನ್ನಿ. ಸಹಿಗೆ ಮುಂಚೆ ಕೇಳೋದಕ್ಕೆ ಸಂಕೋಚ ಎಂಥದ್ದು?

ತಮಾಷೆ ಅಂದ್ರೆ ಚಿಬಾ ನೆಲದಡಿಯಲ್ಲೇ ನೈಸರ್ಗಿಕ ಅನಿಲ ಇದೆ. ಮೊಬಾರಾ ಸುತ್ತಮುತ್ತ ಉಪ್ಪುನೀರಿನ ಜೊತೆ ಗ್ಯಾಸ್ ಮೇಲೆತ್ತುತ್ತಾರೆ, ಅದೇ ನೀರಿಂದ ಅಯೋಡಿನ್ ತೆಗೀತಾರೆ. ಜಪಾನಿನ ಅಯೋಡಿನ್‌ನಲ್ಲಿ ಬಹುಪಾಲು ಇಲ್ಲಿಯದೇ. ಆ ಕಡೆ ಸಿಟಿ ಗ್ಯಾಸ್ ಅಗ್ಗ. ಆದ್ರೆ ಮೊಬಾರಾದಿಂದ ದಿನಾ ಟೋಕಿಯೋ ಆಫೀಸಿಗೆ ಓಡಾಡೋಕೆ ಹೋಗಬೇಡಿ.

ಇನ್ನು ಒಲೆ. ಯಾರೋ ಮೇಲೆ "ಸೆಕೆಂಡ್ ಹ್ಯಾಂಡ್ ಒಲೆ ಇದೆ, ಬೇಕಾದ್ರೆ ತಗೊಂಡು ಹೋಗಿ" ಅಂದಿದ್ದಾರೆ. ತಡೀರಿ! ಸಿಟಿ ಗ್ಯಾಸಿನ ಒಲೆ ಪುರೋಪಾನ್‌ಗೆ ಆಗಲ್ಲ, ಪುರೋಪಾನ್ ಒಲೆ ಸಿಟಿ ಗ್ಯಾಸಿಗೆ ಆಗಲ್ಲ. ಹಚ್ಚಿದ್ರೆ ಜ್ವಾಲೆ ಎದೆಮಟ್ಟ ಏಳಬಹುದು, ಇಲ್ಲಾ ಮಸಿ ಕಾರಿ ವಿಷಾನಿಲ ತುಂಬಬಹುದು. ಒಲೆ ಪಕ್ಕದ ಸ್ಟಿಕ್ಕರ್ ಮೇಲೆ 12ಎ, 13ಎ ಅಂತಿದ್ರೆ ಸಿಟಿ ಗ್ಯಾಸ್, ಎಲ್‌ಪಿ ಅಂತಿದ್ರೆ ಪುರೋಪಾನ್. ರಬ್ಬರ್ ಪೈಪಿನ ಬಣ್ಣವೂ ಬೇರೆ, ಪುರೋಪಾನ್‌ಗೆ ಕಿತ್ತಳೆ, ಸಿಟಿ ಗ್ಯಾಸಿಗೆ ಕೆನೆ ಬಣ್ಣ. ಕಂಪನಿ ವಿಷಯ ಕೇಳೋದಾದ್ರೆ ರಿನ್ನಾಯ್, ಪಲೋಮಾ ಎರಡೂ ಒಳ್ಳೇದು, ನನ್ನ ಓಟು ಪಲೋಮಾಕ್ಕೆ, ಒಲೆ ಮೇಲಿನ ತಟ್ಟೆ ತೊಳೆಯೋದು ಸುಲಭ.

ಅಡುಗೆ ಮಾಡೋರಿಗೆ ಇನ್ನೊಂದು ತಲೆನೋವು. 2008ರ ನಂತರದ ಒಲೆಗಳಲ್ಲಿ ಬರ್ನರ್ ನಡುವೆ ಒಂದು ಗುಂಡಿ ಇರುತ್ತೆ, ಒತ್ತಿದ್ರೆ ಸ್ಪ್ರಿಂಗಿನ ಹಾಗೆ ಕೆಳಗೆ ಹೋಗುತ್ತೆ. ಅದು ಸೆನ್ಸರ್. ಪಾತ್ರೆ ತಳ ಜಾಸ್ತಿ ಕಾದ ತಕ್ಷಣ ಉರಿ ತಾನೇ ಇಳಿಯುತ್ತೆ, ಆಮೇಲೆ ಆರಿಯೇ ಹೋಗುತ್ತೆ. ಪಾತ್ರೆ ಇಡದೆ ಹಪ್ಪಳ ಸುಡೋಕೆ ಹೋದ್ರೆ ಕೆಲವು ಒಲೆ ಹೊತ್ತೋದೇ ಇಲ್ಲ. ಕಬ್ಬಿಣದ ಕಾವಲಿ ಮೇಲೆ ದೋಸೆ ಹುಯ್ಯೋ ಹೊತ್ತಿಗೆ ಸರಿಯಾಗಿ ಕೈ ಕೊಡುತ್ತೆ, ಜೋಳದ ರೊಟ್ಟಿ ಅಂತೂ ಕೇಳಲೇಬೇಡಿ. ಹೆಚ್ಚಿನ ಬಿಸಿಯ ಮೋಡ್ ಇರೋ ಒಲೆ ತಗೊಂಡ್ರೆ ದೋಸೆ ಮಟ್ಟಿಗೆ ಸುಧಾರಿಸುತ್ತೆ. ಗುಂಡಿಗೆ ನಾಣ್ಯ ಅಂಟಿಸೋದು, ತಂತಿ ಕಟ್ಟೋದು ಎಲ್ಲ ಈ ಗುಂಪಲ್ಲೇ ಯಾರೋ ಹೇಳಿಕೊಟ್ಟಿದ್ರು, ಅವರಿಗೆ ಬುದ್ಧಿ ಇಲ್ಲ, ನೀವು ಮಾಡಬೇಡಿ.

ನಾನು ಮಾಡೋದು ಹೀಗೆ. ಇವಾತಾನಿ ಕಂಪನಿಯ ಕ್ಯಾಸೆಟ್ ಒಲೆ (ಚಿಕ್ಕ ಗ್ಯಾಸ್ ಡಬ್ಬಿ ಹಾಕಿ ಉರಿಸೋದು) ಒಂದು, ಬಾಲ್ಕನಿ ಕಿಟಕಿ ಪೂರ್ತಿ ತೆಗೆದು, ಫ್ಯಾನ್ ಹಾಕಿ, ರೊಟ್ಟಿ, ಸುಟ್ಟ ಬದನೆಕಾಯಿ ಗೊಜ್ಜು ಎಲ್ಲ ಅದರಲ್ಲೇ. ಅಗ್ಗದ ಹೆಸರಿಲ್ಲದ ಒಲೆ ಬೇಡ, ಡಬ್ಬಿಯೂ ಒಲೆ ಕಂಪನಿಯದ್ದೇ ಇರಲಿ. ಒಂದು ಮಾತು ಮಾತ್ರ ಕಲ್ಲಲ್ಲಿ ಕೆತ್ತಿಕೊಳ್ಳಿ: ಗ್ಯಾಸ್ ಡಬ್ಬಿ ಕೂರೋ ಮುಚ್ಚಳದ ಮೇಲೆ ಕಾವಲಿ ಚಾಚಿಕೊಳ್ಳೋ ಹಾಗಿಲ್ಲ. ಊರಿಂದ ತಂದ ದೊಡ್ಡ ಕಾವಲಿ ಇಟ್ರೆ ಅದರ ಕಾವು ಡಬ್ಬಿಗೆ ಬಡಿದು ಸಿಡಿಯುತ್ತೆ. ಎರಡು ಒಲೆ ಜೋಡಿಸಿ ಉದ್ದ ಕಾವಲಿ ಇಡೋದೂ ಅಷ್ಟೇ ಅಪಾಯ. ಚಿಕ್ಕ ಕಾವಲಿ, ಚಿಕ್ಕ ರೊಟ್ಟಿ, ಅಷ್ಟೇ.

ಮಿಕ್ಸಿ ತರ್ತೀನಿ ಅಂದಿದ್ರಿ. ಇಲ್ಲಿ 100 ವೋಲ್ಟ್, ಪೂರ್ವ ಭಾಗಕ್ಕೆ 50 ಹರ್ಟ್ಸ್. 750 ವ್ಯಾಟಿನ ನಮ್ಮ ಮಿಕ್ಸಿಗೆ 1500 ವ್ಯಾಟಿನ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ಬೇಕು. ಎತ್ತೋಕಾಗದಷ್ಟು ಭಾರ ಇರುತ್ತೆ, ಒಂದೇ ಸಮ ಗುಂಯ್ ಅನ್ನುತ್ತೆ. ಕೆಳಗಿನ ಮನೆಯವರು ದೂರು ಕೊಡೋ ಮುಂಚೆ ಅಡಿಗೆ ದಪ್ಪ ಮ್ಯಾಟ್ ಹಾಸಿ, ರಾತ್ರಿ ಎಂಟರ ಮೇಲೆ ರುಬ್ಬಬೇಡಿ.

ಈಗ ಆ 35 ನಿಮಿಷ. ಅದು ಕೈಹಿನ್ ಮಾಕುಹಾರಿಯಿಂದ ಟೋಕಿಯೋ ಸ್ಟೇಷನ್‌ನ ಕೇಯೋ ಲೈನ್ ಪ್ಲಾಟ್‌ಫಾರ್ಮಿಗೆ. ಆ ಪ್ಲಾಟ್‌ಫಾರ್ಮ್ ಎಲ್ಲಿದೆ ಗೊತ್ತಲ್ಲ? ನೆಲದಡಿಯಲ್ಲಿ, ಬೇರೆ ಲೈನಿಗೆ ಹೋಗೋಕೆ ಹತ್ತು ಹದಿನೈದು ನಿಮಿಷ ನಡಿಗೆ. ಮನೆ ಕಡೆ ಬಸ್ಸು ಬೇರೆ. ರಾತ್ರಿ ಕೊನೇ ಬಸ್ಸು ಕೊನೇ ರೈಲಿಗಿಂತ ಎಷ್ಟೋ ಮುಂಚೆ ಹೋಗಿರುತ್ತೆ, ಅದರ ಸಮಯ ಇವತ್ತೇ ನೋಡಿಕೊಳ್ಳಿ. ಕೇಯೋ ಲೈನ್ ಕಡಲಂಚಲ್ಲಿ ಎತ್ತರದ ಮೇಲೆ ಓಡೋದ್ರಿಂದ ಜೋರು ಗಾಳಿ ಬೀಸಿದ್ರೆ ನಿಂತುಬಿಡುತ್ತೆ. ಟೈಮ್‌ಟೇಬಲ್ ನಂಬಿ ಮನೆ ಹಿಡಿಯೋದೂ ಕಷ್ಟ: 2024ರ ಮಾರ್ಚ್‌ನಲ್ಲಿ ಆಫೀಸಿಗೆ ಹೋಗೋರ ವೇಗದ ಕಮ್ಯೂಟರ್ ರ‍್ಯಾಪಿಡ್ ರೈಲನ್ನೇ ತೆಗೆದ್ರು, ಚಿಬಾದ ಊರೂರಿನ ಮೇಯರ್‌ಗಳು ಪ್ರತಿಭಟಿಸಿದ್ರು.

ನನ್ನ ಕೇಳಿದ್ರೆ ಟೋಕಿಯೋ ಮೆಟ್ರೋದ ತೋಝಾಯ್ ಲೈನ್ ವಾಸಿ, ಬೆಳಗ್ಗೆ ಉಸಿರುಗಟ್ಟುವಷ್ಟು ಜನ ಇದ್ರೂ. ಗ್ಯೋತೊಕು, ಮಿನಾಮಿ ಗ್ಯೋತೊಕು, ಮ್ಯೋದೆನ್ ಚಿಬಾದಲ್ಲೇ ಇವೆ, ಬಾಡಿಗೆ ನಮ್ಮವರು ಹೆಚ್ಚಿರೋ ಟೋಕಿಯೋದ ನಿಶಿಕಸಾಯ್‌ಗಿಂತ ಕಮ್ಮಿ, ನಮ್ಮವರ ಅಂಗಡಿಗಳೂ ಹತ್ತಿರ. ಹಗಲಿನ ರ‍್ಯಾಪಿಡ್ ರೈಲು ಗ್ಯೋತೊಕುನಲ್ಲೂ ನಿಲ್ಲಲ್ಲ, ನಿಶಿಕಸಾಯ್‌ನಲ್ಲೂ ನಿಲ್ಲಲ್ಲ, ಉರಾಯಾಸು ಬಿಟ್ರೆ ತೋಯೋಚೋ. ಕೂತು ಹೋಗಬೇಕಂದ್ರೆ ಮ್ಯೋದೆನ್‌ನಿಂದಲೇ ಶುರುವಾಗೋ ರೈಲುಗಳಿವೆ, ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಸಾಲಲ್ಲಿ ನಿಂತ್ರೆ ಸೀಟು ಸಿಗುತ್ತೆ. ತೋಯೋ ರ‍್ಯಾಪಿಡ್, ಹೊಕುಸೋ ಅನ್ನೋ ರೈಲು ಲೈನುಗಳ ಕಡೆ ಮನೆ ದೊಡ್ಡದು ಸಿಗುತ್ತೆ, ಆದ್ರೆ ಟಿಕೆಟ್ ದರ ಜಾಸ್ತಿ. ಹೊಕುಸೋದವರು 2022ರ ಅಕ್ಟೋಬರ್‌ನಲ್ಲಿ ಇಳಿಸಿದ್ದಾರೆ, ಆದ್ರೂ ಅಗ್ಗ ಅನ್ನೋ ಹಾಗಿಲ್ಲ. "ಪಾಸ್ ಕಂಪನಿ ಕೊಡುತ್ತೆ ಬಿಡಿ" ಅಂತೀರಿ. ಕೊಡೋದು ನಿಮಗೆ. ಮನೆಯವರು ಮಗು ಕರ್ಕೊಂಡು ವಾರಕ್ಕೆರಡು ಸಲ ಓಡಾಡೋದನ್ನ ಯಾರು ಕೊಡ್ತಾರೆ?

ಹಜಾರ್ಡ್ ಮ್ಯಾಪ್, ಅಂದ್ರೆ ಎಲ್ಲಿ ಯಾವ ಅನಾಹುತ ಆಗಬಹುದು ಅನ್ನೋ ನಕ್ಷೆ ನೋಡಿ. 2020ರ ಆಗಸ್ಟ್‌ನಿಂದ ಪ್ರವಾಹದ ನಕ್ಷೆಯಲ್ಲಿ ಮನೆ ಎಲ್ಲಿದೆ ಅಂತ ಏಜೆಂಟ್ ಸಹಿಗೆ ಮುಂಚೆ ವಿವರಿಸಲೇಬೇಕು, ಭೂಕಂಪಕ್ಕೆ ನೆಲ ಕೆಸರಾಗೋ ಜಾಗದ ನಕ್ಷೆ ಮಾತ್ರ ನೀವೇ ಹುಡುಕಬೇಕು. 2011ರ ಭೂಕಂಪದಲ್ಲಿ ಉರಾಯಾಸುವಿನ ಹೊಸ ಬಡಾವಣೆಗಳು, ಅಂದ್ರೆ ಸಮುದ್ರ ತುಂಬಿಸಿ ಮಾಡಿದ ನಾಕಾಮಾಚಿ, ಶಿನ್‌ಮಾಚಿ, ಕೆಸರಾಗಿ ಚರಂಡಿ ಕೊಳವೆ ಎಲ್ಲ ಕಿತ್ತೆದ್ದಿದ್ವು. ಮೀನುಗಾರರ ಹಳೇ ಊರು ಮೊತೊಮಾಚಿಗೆ ಅಷ್ಟೇನೂ ಆಗಲಿಲ್ಲ. 2019ರ ಸೆಪ್ಟೆಂಬರ್ ಚಂಡಮಾರುತದಲ್ಲಿ ಚಿಬಾ ನಗರದಲ್ಲಿ ಸೆಕೆಂಡಿಗೆ 57.5 ಮೀಟರ್ ಗಾಳಿ ಬೀಸಿತ್ತು, ದಕ್ಷಿಣದ ಹಳ್ಳಿಗಳಲ್ಲಿ ವಾರಗಟ್ಟಲೆ ಕರೆಂಟಿಲ್ಲ. ನೀರಿನ ಬಾಟಲಿ, ಆ ಕ್ಯಾಸೆಟ್ ಒಲೆಯ ಡಬ್ಬಿ ಮನೇಲಿರಲಿ.

ಸರಿ, ಹಾಗಾದ್ರೆ ಎಲ್ಲಿ ನೋಡೋದು? ಯುಆರ್ (ಸರ್ಕಾರಕ್ಕೆ ಸೇರಿದ ಬಾಡಿಗೆ ಮನೆ ಸಂಸ್ಥೆ) ಕಚೇರಿಗೆ ಹೋಗಿ. ರೇಕಿನ್ ಇಲ್ಲ, ಏಜೆಂಟ್ ಕಮಿಷನ್ ಇಲ್ಲ, ರಿನ್ಯೂವಲ್ ಫೀ ಇಲ್ಲ, ಗ್ಯಾರಂಟರ್ ಬೇಡ. ಆದಾಯದ ಮಿತಿಗೆ ಸ್ವಲ್ಪ ಕಮ್ಮಿ ಬಿದ್ರೆ ಬಾಡಿಗೆಯ ನೂರು ಪಟ್ಟು ಉಳಿತಾಯ ತೋರಿಸಬಹುದು, ಇಲ್ಲಾ ಒಂದು ವರ್ಷದ್ದು ಮುಂಗಡ ಕಟ್ಟಬಹುದು. ಇನಾಗೆ ಕೈಗಾನ್ ಸ್ಟೇಷನ್ ಹತ್ರ ತಾಕಾಸು, ತಾಕಾಹಾಮಾ ಕಡೆ ಬೇಕಾದಷ್ಟಿವೆ. ಹಳೇ ಕಟ್ಟಡ, ಕೆಲವಕ್ಕೆ ಲಿಫ್ಟಿಲ್ಲ, ಎಸಿ, ಲೈಟು, ಒಲೆ ನೀವೇ ತರಬೇಕಾಗಬಹುದು. ಅಪ್ಪ ಅಮ್ಮ ಬರ್ತಾರೆ ಅಂದಿದ್ದೀರಿ, ಐದನೇ ಮಹಡಿ ಅಗ್ಗ ಅಂತ ಹೋಗಬೇಡಿ. ಚಿಬಾ ನಗರದಲ್ಲಿ ಕಸಕ್ಕೆ ನಗರದ್ದೇ ಚೀಲ ದುಡ್ಡು ಕೊಟ್ಟು ತಗೋಬೇಕು, ಟೋಕಿಯೋದಿಂದ ಉಳಿದ ಚೀಲ ಇಡಬೇಡಿ, ಅಲ್ಲೇ ಬಿಟ್ಟು ಹೋಗ್ತಾರೆ.

ಅಪ್ಪ ಅಮ್ಮ ನರಿತಾ ವಿಮಾನ ನಿಲ್ದಾಣಕ್ಕೆ ಇಳಿದಾಗ ಸ್ಕೈಲೈನರ್ ರೈಲು ಹತ್ತಿಸಬೇಡಿ, ಅದು ಫುನಾಬಾಶಿ ಕಡೆ ಬರೋದೇ ಇಲ್ಲ, ನೇರ ಟೋಕಿಯೋದ ಉಎನೋ ದಾರಿ. ಜೆಆರ್ ಸೋಬು ರ‍್ಯಾಪಿಡ್ ಇಲ್ಲಾ ಕೇಯ್ಸೇ ಮೇನ್ ಲೈನ್ ಸಾಕು, ಕಮ್ಮಿ ದುಡ್ಡಲ್ಲಿ ಮನೆ ಹತ್ರ ಇಳಿಸುತ್ತೆ. ವಾಪಸ್ ಹೋಗೋ ದಿನ ಅರ್ಧ ದಿನ ಮುಂಚೆ ಹೊರಟು ನರಿತಾಸಾನ್ ದೇವಾಲಯ ತೋರಿಸಿ. ಬೆಂಕಿ ಹಾಕಿ ಹೋಮ ಮಾಡ್ತಾರೆ, ಡೋಲು ಬಡೀತಾರೆ, ನಮ್ಮಮ್ಮ ಎದ್ದು ಬರೋಕೆ ಒಪ್ಪಲಿಲ್ಲ. ಮೀನು ಮಾಂಸ ತಿನ್ನದವರಾದ್ರೆ ಊಟ ಮಾತ್ರ ಕಟ್ಟಿಕೊಂಡು ಹೋಗಿ. ಆ ಬೀದಿ ತುಂಬಾ ಹಾವುಮೀನಿನ ಅಂಗಡಿ, ಬಾಗಿಲಲ್ಲೇ ಕೊಯ್ತಾರೆ. ಬರೀ ಸೋಬಾ ನೂಡಲ್ಸ್ ಕೊಡಿಸ್ತೀನಿ ಅಂದ್ರೂ ಸಾರಲ್ಲಿ ದಾಶಿ, ಅಂದ್ರೆ ಕತ್ಸುಒ ಮೀನಿಂದ ತೆಗೆದ ರಸ ಇದ್ದೇ ಇರುತ್ತೆ.

ನೊಕೊಗಿರಿಯಾಮಾ ಬೆಟ್ಟದ ಹೆಸರು ಯಾರೋ ಹೇಳಿದ್ದಾರೆ. 31 ಮೀಟರಿನ ಕಲ್ಲಿನ ಬುದ್ಧ ನೋಡಲೇಬೇಕಾದ್ದು, ಸರಿ. ಆದ್ರೆ ರೋಪ್‌ವೇ ಇದೆ ಅಂತ ಮೋಸ ಹೋಗಬೇಡಿ, ಹತ್ತಿ ಇಳಿದ ಮೇಲೂ ಮೆಟ್ಟಿಲೋ ಮೆಟ್ಟಿಲು, ಮಂಡಿ ನೋವಿರೋರಿಗೆ ಬೇಡ. ಕಾರಲ್ಲಿ ಹೋಗೋದಾದ್ರೆ ಊರಿಂದಲೇ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಬಂದಿಳಿದು ಒಂದು ವರ್ಷ ನಡೆಯುತ್ತೆ. ಆಮೇಲೆ ಇಲ್ಲಿಯ ಲೈಸೆನ್ಸಿಗೆ ಬದಲಾಯಿಸೋ ಪರೀಕ್ಷೆ 2025ರ ಅಕ್ಟೋಬರ್‌ನಿಂದ 10 ಪ್ರಶ್ನೆ ಹೋಗಿ 50 ಆಗಿದೆ, 45 ಸರಿ ಇರಬೇಕು. ಬಾಡಿಗೆ ಕಾರಲ್ಲಿ ಇಟಿಸಿ ಕಾರ್ಡ್ (ನಮ್ಮ ಫಾಸ್ಟ್ಯಾಗ್ ತರ ಟೋಲ್ ಕಟ್ಟೋ ಕಾರ್ಡ್) ಕೇಳಿ ತಗೊಳ್ಳಿ. ಟೋಕಿಯೋ ಕೊಲ್ಲಿ ದಾಟೋ ರಸ್ತೆ ಆಕ್ವಾಲೈನ್‌ಗೆ ಇಟಿಸಿ ಇದ್ರೆ ವಾರದ ದಿನ 800 ಯೆನ್, ಇಲ್ಲದಿದ್ರೆ ಮೂರು ಸಾವಿರ ದಾಟುತ್ತೆ. ಭಾನುವಾರ ಮಧ್ಯಾಹ್ನದ ಮೇಲೆ ಆ ದಾರೀಲಿ ಟೋಕಿಯೋ ಕಡೆ ಹೊರಟ್ರೆ ಮಕ್ಕಳ ಅಳು ಕೇಳ್ತಾ ಕೂರೋದೇ. ಡಿಸ್ನಿಗೆ ಜೂನ್ 15 ಬೇಡ, ಚಿಬಾ ದಿನ ಅಂತ ಶಾಲೆಗೆ ರಜೆ, ಜಿಲ್ಲೆಯ ಮಕ್ಕಳೆಲ್ಲ ಅಲ್ಲೇ.

ಸೆಪ್ಟೆಂಬರ್‌ನಲ್ಲಿ ಅವರು ಇಲ್ಲಿದ್ರೆ ಯಾಚಿಮಾತಾ ಕಡೆ ಕರ್ಕೊಂಡು ಹೋಗಿ. ಜಪಾನಿನ ಕಡಲೆಕಾಯಿಯಲ್ಲಿ ಸುಮಾರು ಶೇ. 80 ಚಿಬಾದ್ದೇ. ಬೇಯಿಸೋಕೆ ಓಮಾಸಾರಿ ಅಂತ ಕೇಳಿ, ಹೆಬ್ಬೆರಳು ಗಾತ್ರದ ಕಾಯಿ. ಹುರಿದದ್ದು ಬೇಕಾದ್ರೆ ಚಿಬಾಹಾಂದಾಚಿ ಅನ್ನೋ ತಳಿ, ದುಬಾರಿ. ಹಸಿಕಾಯಿ ಫ್ರಿಜ್ಜಲ್ಲಿಟ್ಟು ವಾರಾಂತ್ಯಕ್ಕೆ ಬೇಯಿಸ್ತೀನಿ ಅಂದ್ರೆ ಸಿಹಿ ಹೋಗುತ್ತೆ, ತಂದ ದಿನವೇ ಉಪ್ಪು ಹಾಕಿ ಬೇಯಿಸಿ. ಕುಕ್ಕರ್ ಆದ್ರೆ ಎರಡು ಮೂರು ವಿಸಿಲ್ ಸಾಕು, ಉಳಿದದ್ದನ್ನ ನೀರು ಬಸಿದು ಫ್ರೀಜರಿಗೆ ಹಾಕಿ.