ಆಫ್ರಿಕಾದ ಬಡತನಕ್ಕೆ ಹೊಣೆ ಯಾರು?

ಪ್ರಶ್ನೆ: ಯುರೋಪಿನವರು ಆಫ್ರಿಕಾದ ಬಹುಭಾಗವನ್ನು ಆಳಿದ್ದು ಮುಕ್ಕಾಲು ಶತಮಾನದಷ್ಟು ಕಾಲ, ಅವರು ಹೋಗಿ ಅರವತ್ತು ವರ್ಷವಾಯಿತು. ಅಲ್ಲಿನ ಇಂದಿನ ಕಷ್ಟಗಳಿಗೂ ಅವರನ್ನೇ ದೂರುವುದು ಸರಿಯೆ? ನಮ್ಮಲ್ಲಿಯೂ ಬ್ರಿಟಿಷರು ಕಾಫಿ ತೋಟ ಮಾಡಿದರು. ನಾವು ಇಂದು ಅದೇ ಬೆಳೆಯನ್ನು ನಂಬಿ ಬದುಕುತ್ತಿಲ್ಲವೆ?
– ಕಾಫಿ ಬೆಳೆಗಾರರೊಬ್ಬರು, ಮೂಡಿಗೆರೆ

ಉತ್ತರ: ತಾವು ಕಾಫಿಯ ಮಾತೆತ್ತಿದ್ದರಿಂದ ಅಲ್ಲಿಂದಲೇ ಹೊರಡೋಣ. ಬ್ರಿಟಿಷ್ ಪ್ಲಾಂಟರುಗಳು ಬರುವ ಮೊದಲೇ ಬಾಬಾಬುಡನ್‌ಗಿರಿಯ ಸುತ್ತ ಕಾಫಿ ಇತ್ತು. ಅವರು ಚಿಕ್ಕಮಗಳೂರು, ಮಂಜರಾಬಾದ್ ಸೀಮೆಗಳಲ್ಲಿ ದೊಡ್ಡ ಎಸ್ಟೇಟುಗಳನ್ನು ಮಾಡಿದಾಗಲೂ ಊರಿನ ರೈತರು ಪಕ್ಕದಲ್ಲೇ ತಮ್ಮ ಹಿಡುವಳಿಗಳಲ್ಲಿ ಕಾಫಿ ಬೆಳೆದರು. ತೋಟದ ಕೂಲಿಗಳ ಪಾಡು ಇಲ್ಲಿಯೂ ಘೋರವಾಗಿತ್ತು, ಅದನ್ನು ಮರೆಯಲಾಗದು. ಆದರೆ ಬೆಳೆಯುವ ಹಕ್ಕನ್ನು ಇಲ್ಲಿನ ರೈತರಿಂದ ಯಾರೂ ಕಿತ್ತುಕೊಳ್ಳಲಿಲ್ಲ.

ಕೆನ್ಯಾದಲ್ಲಿ ನಡೆದದ್ದೇ ಬೇರೆ. 1896ರಲ್ಲಿ ಮೊಂಬಾಸಾ ಬಂದರಿನಿಂದ ಆರಂಭವಾಗಿ 1901ರಲ್ಲಿ ವಿಕ್ಟೋರಿಯಾ ಸರೋವರವನ್ನು ತಲುಪಿದ ರೈಲುದಾರಿಯನ್ನು ಹಾಕಿದವರು ಹೆಚ್ಚಾಗಿ ಭಾರತದಿಂದ ಒಯ್ದ ಕೂಲಿಗಳು. ಅವರಲ್ಲಿ ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ಆ ರೈಲಿಗೆ ಸರಕು ಬೇಕೆಂದು ತಂಪು ಹವೆಯ ಫಲವತ್ತಾದ ಎತ್ತರದ ನೆಲವನ್ನು ಬಿಳಿಯ ವಲಸಿಗರಿಗೆ ಹಂಚಲಾಯಿತು. 1915ರ ಭೂಕಾಯ್ದೆ ಅವರ ಗುತ್ತಿಗೆಯ ಅವಧಿಯನ್ನು 999 ವರ್ಷಗಳಿಗೆ ಏರಿಸಿತು. ನೆಲ ಕಳೆದುಕೊಂಡವರನ್ನು ಮೀಸಲು ಪ್ರದೇಶಗಳಿಗೆ ತಳ್ಳಿದ ಸರಕಾರ ಪ್ರತಿ ಗುಡಿಸಲಿಗೂ ತೆರಿಗೆ ಹಾಕಿತು. ತೆರಿಗೆ ಕಟ್ಟಲು ಕಾಸು ಬೇಕು, ಕಾಸು ಬೇಕೆಂದರೆ ಬಿಳಿಯನ ತೋಟದಲ್ಲಿ ದುಡಿಯಬೇಕು. ಹಾಗೆಂದೇ ಆ ತೆರಿಗೆ. ಹದಿನಾರು ದಾಟಿದ ಆಫ್ರಿಕನ್ ಗಂಡಸರು ಬೆರಳಚ್ಚು ಒತ್ತಿದ ‘ಕಿಪಾಂಡೆ’ ಎಂಬ ಗುರುತುಪತ್ರವನ್ನು ಲೋಹದ ಡಬ್ಬಿಯಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ತಿರುಗಬೇಕಾಗಿತ್ತು. ಯಾವ ಮಾಲೀಕನ ಬಳಿ ಎಷ್ಟು ಕಾಲ ದುಡಿದನೆಂಬುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಇಷ್ಟಾದ ಮೇಲೂ ಅವರು ಸ್ವಂತಕ್ಕೆ ಕಾಫಿ ಬೆಳೆಯುವಂತಿರಲಿಲ್ಲ. ಆ ತಡೆ 1930ರ ದಶಕದಲ್ಲಿ ಒಂದೆರಡು ಕಡೆ ಮಾತ್ರ ಸಡಿಲವಾಯಿತು. ವ್ಯಾಪಕವಾಗಿ ಅವಕಾಶ ದೊರೆತದ್ದು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಮೌ ಮೌ ಎಂಬ ದಂಗೆ ಎದ್ದ ಬಳಿಕ, 1954ರ ಕೃಷಿ ಯೋಜನೆಯಿಂದ. ಬೇರೆಯವರ ತೋಟದಲ್ಲಿ ಹಣ್ಣು ಕೊಯ್ಯಬಹುದು, ತನ್ನ ಹಿತ್ತಲಿನಲ್ಲಿ ಒಂದು ಗಿಡ ನೆಡಬಾರದು ಎಂಬ ಕಟ್ಟಳೆಯ ಕ್ರೌರ್ಯ ತಮ್ಮಂಥ ಬೆಳೆಗಾರರಿಗೆ ಬೇಗ ಅರ್ಥವಾದೀತು.

ಆದ್ದರಿಂದ ಆಳಿದ ವರ್ಷಗಳನ್ನು ಎಣಿಸಿದರೆ ಸಾಲದು. 1963ರಲ್ಲಿ ಕೆನ್ಯಾ ಸ್ವತಂತ್ರವಾದಾಗ ಆ ನೆಲ ತಾನಾಗಿ ಹಿಂದಿರುಗಲಿಲ್ಲ. ವಲಸಿಗರಿಗೆ ಬೆಲೆ ಕೊಟ್ಟು ಕೊಳ್ಳಬೇಕಾಯಿತು. ಅದಕ್ಕೆ ಬೇಕಾದ ಹಣದ ದೊಡ್ಡ ಪಾಲು ಸಾಲವಾಗಿ ಬಂತು. ಅಜ್ಜನಿಂದ ಕಿತ್ತುಕೊಂಡ ಹೊಲವನ್ನು ಮೊಮ್ಮಗ ಕಂತು ಕಟ್ಟಿ ಬಿಡಿಸಿಕೊಳ್ಳಬೇಕಾಯಿತು. ದೊಡ್ಡ ತೋಟಗಳಲ್ಲಿ ಹಲವು ಹೊಸ ಆಳುವವರ ಮತ್ತು ಅವರ ಆಪ್ತರ ಪಾಲಾದವು. ಇದು ಆಫ್ರಿಕದವರದೇ ತಪ್ಪು, ಅದನ್ನು ತಪ್ಪೆಂದೇ ಹೇಳಬೇಕು. ಆದರೆ ಕೆಲವೇ ಕೈಗಳಲ್ಲಿ ನೆಲ ಕೂಡಿಬೀಳುವ ಏರ್ಪಾಡನ್ನು ಅವರು ಸಿದ್ಧರೂಪದಲ್ಲಿಯೇ ಪಡೆದಿದ್ದರು.

ಗಡಿಗಳ ಕತೆಯೂ ಇಂಥದೇ. ಆಫ್ರಿಕಾದ ಹಂಚಿಕೆಗೆ ನಿಯಮ ಮಾಡಲು ಯುರೋಪಿನ ಶಕ್ತಿಗಳು ಸೇರಿದ 1884–85ರ ಬರ್ಲಿನ್ ಸಮ್ಮೇಳನಕ್ಕೆ ಒಬ್ಬ ಆಫ್ರಿಕನ್ ಅರಸನನ್ನೂ ಕರೆದಿರಲಿಲ್ಲ. ಆ ಕಾಲದ ಹಂಚಿಕೆಯಲ್ಲಿ ಸೋಮಾಲಿ ಜನರು ಬ್ರಿಟನ್, ಇಟಲಿ, ಫ್ರಾನ್ಸುಗಳ ವಸಾಹತುಗಳಿಗೂ ಇಥಿಯೋಪಿಯಾಕ್ಕೂ ಹರಿದುಹೋದರು. ಮತ್ತೆ ಗೆರೆ ಎಳೆಯಹೊರಟರೆ ಎಲ್ಲೆಡೆ ಯುದ್ಧವಾದೀತೆಂದು ಆಫ್ರಿಕಾದ ದೇಶಗಳು 1964ರಲ್ಲಿ ಕೈರೋದಲ್ಲಿ ಸೇರಿ ಹಳೆಯ ಗಡಿಗಳನ್ನೇ ಒಪ್ಪಿಕೊಂಡವು. ಆ ಪರಿಸ್ಥಿತಿಯಲ್ಲಿ ಅದು ವಿವೇಕದ ತೀರ್ಮಾನವೆಂದೇ ನನ್ನ ಎಣಿಕೆ, ಸೋಮಾಲಿಯಾ ಅದನ್ನು ಒಪ್ಪದಿದ್ದುದಕ್ಕೆ ಕಾರಣವಿದ್ದರೂ.

ದೂರುವುದು ಸರಿಯೆ ಎಂದು ಕೇಳಿದ್ದೀರಿ. ಸರಿ, ಮತ್ತು ಆ ದೂರು ನ್ಯಾಯಾಲಯದವರೆಗೂ ಹೋಗಿದೆ. ಮೌ ಮೌ ಕಾಲದ ಸೆರೆಶಿಬಿರಗಳಲ್ಲಿ ಚಿತ್ರಹಿಂಸೆ ಅನುಭವಿಸಿ ಬದುಕುಳಿದ ವೃದ್ಧರು ಲಂಡನ್ನಿನಲ್ಲಿ ದಾವೆ ಹೂಡಿದ ಮೇಲೆ, 2013ರಲ್ಲಿ ಬ್ರಿಟಿಷ್ ಸರಕಾರ ವಿಷಾದ ಸೂಚಿಸಿ 5,228 ಮಂದಿಗೆ ಪರಿಹಾರ ಕೊಡಲು ಒಪ್ಪಿತು. ಕಿತ್ತುಕೊಂಡ ನೆಲದ ಪ್ರಶ್ನೆ ಆ ಒಪ್ಪಂದದಲ್ಲಿ ಸೇರಿರಲಿಲ್ಲ.