ನಗು ಕಾಯುವುದು ಕೊನೆಯ ಪದಕ್ಕೆ

ಜರ್ಮನಿಯ ಮ್ಯೂನಿಕ್‌ನಿಂದ ಬಂದ ಪತ್ರ ಇದು. ಅಲ್ಲಿ ರಾಜ್ಯೋತ್ಸವದ ವೇದಿಕೆಯಲ್ಲಿ ಐದು ನಿಮಿಷದ ಸ್ಟ್ಯಾಂಡಪ್ ಮಾಡಿದ ಓದುಗರು, ಸೋವಿಯತ್ ಒಕ್ಕೂಟದಿಂದ ಅಮೆರಿಕಕ್ಕೆ ವಲಸೆ ಬಂದ ಹಾಸ್ಯಗಾರ ಯಾಕೋವ್ ಸ್ಮಿರ್ನಾಫ್ ಅವರ ಹೆಸರಾಂತ ‘ಪಾರ್ಟಿ’ ಜೋಕನ್ನು ಕನ್ನಡಿಸಿ ಹೇಳಿದರಂತೆ. ಯಾರೂ ನಗಲಿಲ್ಲ. ಏಕೆ ಎಂದು ಕೇಳಿದ್ದಾರೆ. ಜೊತೆಗೆ, ಸೋವಿಯತ್ ಒಕ್ಕೂಟ ಮುಗಿದದ್ದೇ ಸ್ಮಿರ್ನಾಫ್ ಟಿವಿಯಿಂದ ಮರೆಯಾದರಲ್ಲ, ಹೊರಗಿನಿಂದ ಬಂದವನ ಹಾಸ್ಯಕ್ಕೆ ಆಯಸ್ಸು ಅಷ್ಟೇನಾ ಎಂಬ ಆತಂಕವೂ ಇದೆ.

ತಾವು ಬರೆದು ಕಳಿಸಿದ ಸಾಲು ಹೀಗಿದೆ: ‘ಅಮೆರಿಕದಲ್ಲಿ ನೀವು ಪಾರ್ಟಿಯನ್ನು ಹುಡುಕುತ್ತೀರಿ, ರಷ್ಯಾದಲ್ಲಿ ಪಾರ್ಟಿಯೇ ನಿಮ್ಮನ್ನು ಹುಡುಕುತ್ತದೆ.’ ಮೊದಲನೆಯದು ಮೋಜಿನ ಪಾರ್ಟಿ, ಎರಡನೆಯದು ಕಮ್ಯುನಿಸ್ಟ್ ಪಾರ್ಟಿ. ಅರ್ಥಕ್ಕೆ ಕುಂದಿಲ್ಲ, ಕೆಟ್ಟಿರುವುದು ಪದಗಳ ಸರದಿ. ಇಂಗ್ಲಿಷಿನಲ್ಲಿ ಈ ಸಾಲು ‘ಯೂ’ ಎಂಬಲ್ಲಿ ನಿಲ್ಲುತ್ತದೆ. ಬೆಚ್ಚಿಸುವ ಪದವೂ ಅದೇ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಪಾರ್ಟಿಯೇ’ ಎಂದಾಗಲೇ ಆ ಏಕಾರ ಗುಟ್ಟು ಬಿಟ್ಟುಕೊಟ್ಟಿತು. ಉಳಿದ ಎರಡು ಪದ ಮುಗಿಯುವವರೆಗೆ ಸಭೆ ಸುಮ್ಮನೆ ಕಾಯಬೇಕು, ಅಷ್ಟರಲ್ಲಿ ನಗು ಆರಿಹೋಗಿರುತ್ತದೆ.

ಹೀಗೆ ಹೇಳಿ ನೋಡಿ: ‘ಅಮೆರಿಕದಲ್ಲಿ ನೀವು ಪಾರ್ಟಿ ಹುಡುಕ್ತೀರಿ. ರಷ್ಯಾದಲ್ಲಿ ಪಾರ್ಟಿ ಹುಡುಕೋದು... ನಿಮ್ಮನ್ನ!’ ‘ಪಾರ್ಟಿ ಹುಡುಕೋದು’ ಎಂಬಲ್ಲಿ ವಿಭಕ್ತಿ ಪ್ರತ್ಯಯವಿಲ್ಲ. ಹುಡುಕುವವರು ಯಾರು, ಹುಡುಕಿಸಿಕೊಳ್ಳುವವರು ಯಾರು ಎಂಬುದು ಕೊನೆಯ ಪದದವರೆಗೂ ತೂಗಾಡುತ್ತದೆ. ನಮ್ಮ ಆಡುಮಾತಿಗೆ ಇರುವ ಈ ಸೌಲಭ್ಯ ಎಷ್ಟು ಚೆಂದ! ‘ಪಾರ್ಟಿ’ಯನ್ನು ಮಾತ್ರ ಮುಟ್ಟಬೇಡಿ. ಬರ್ತ್‌ಡೇ ಪಾರ್ಟಿಗೂ ರಾಜಕೀಯ ಪಾರ್ಟಿಗೂ ನಾವು ಬಳಸುವುದು ಅದೊಂದೇ ಪದ. ‘ಔತಣಕೂಟ’, ‘ಪಕ್ಷ’ ಎಂದು ಬಿಡಿಸಿದರೆ ಜೋಕು ಸತ್ತಂತೆ.

ಇನ್ನು ಆಯಸ್ಸಿನ ಮಾತು. ಸ್ಮಿರ್ನಾಫ್ 1951ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿ, 1977ರಲ್ಲಿ ಅಮೆರಿಕಕ್ಕೆ ಬಂದವರು. 1980ರ ದಶಕದಲ್ಲಿ ಸಿನಿಮಾ, ಟಿವಿ, ಬಿಯರ್ ಜಾಹೀರಾತು ಎಲ್ಲವೂ ಒದಗಿದವು. 1991ರ ನಂತರ ಕೇಳುಗರಿಗೆ ಕಮ್ಯುನಿಸ್ಟ್ ಪಾರ್ಟಿಯ ಭಯವೇ ಉಳಿಯಲಿಲ್ಲ, ಅದನ್ನು ನೆಚ್ಚಿಕೊಂಡ ಜೋಕುಗಳು ಸಡಿಲವಾದವು. ಆದರೆ ಅವರು ಮಿಸೌರಿ ರಾಜ್ಯದ ಬ್ರಾನ್ಸನ್ ಎಂಬ ಸಣ್ಣ ಊರಿಗೆ ಹೋಗಿ, ಸ್ವಂತ ರಂಗಮಂದಿರದಲ್ಲಿ ಎರಡು ದಶಕ ಪ್ರದರ್ಶನ ಕೊಟ್ಟರು. ಮುಗಿದುಹೋದರು ಎನ್ನುವುದು ಅನ್ಯಾಯ.

ಅವರದೇ ಇನ್ನೊಂದು ಜೋಕು ಇಂದಿಗೂ ನಡೆಯುತ್ತದೆ. ಅಮೆರಿಕಕ್ಕೆ ಹೊಸದಾಗಿ ಬಂದವನು ಅಂಗಡಿಗೆ ಹೋಗುತ್ತಾನೆ. ಮಿಲ್ಕ್ ಪೌಡರ್: ನೀರು ಹಾಕಿದರೆ ಹಾಲು. ಆರೆಂಜ್ ಪೌಡರ್: ನೀರು ಹಾಕಿದರೆ ಜ್ಯೂಸು. ಆಮೇಲೆ ಕಣ್ಣಿಗೆ ಬೀಳುತ್ತದೆ ಬೇಬಿ ಪೌಡರ್. ‘ಎಂಥಾ ದೇಶ!’ ಇಲ್ಲಿ ರಷ್ಯಾದ ಸುದ್ದಿಯೇ ಇಲ್ಲ. ಬಂದವನ ಕಣ್ಣು ನೆಟ್ಟಿರುವುದು ಅಮೆರಿಕದ ಅಂಗಡಿಯ ಮೇಲೆ, ಆ ಅಂಗಡಿ ಕೇಳುಗರಿಗೆ ದಿನನಿತ್ಯದ್ದು. ಇದನ್ನೂ ಕನ್ನಡಿಸುವುದಾದರೆ ‘ಹಾಲಿನ ಪುಡಿ’ ಎನ್ನಬೇಡಿ. ಮೂರೂ ಕಡೆ ‘ಪೌಡರ್’ ಇದ್ದರೇ ಮೂರನೆಯದಕ್ಕೆ ಕೇಳುಗರು ಜಾರುವುದು. ‘ಬೇಬಿ’ಗೆ ಮೊದಲು ಒಂದು ಉಸಿರಿನಷ್ಟು ನಿಲ್ಲಿ. ನಗು ತಗ್ಗುವ ಮೊದಲೇ ಮುಂದಿನ ಸಾಲಿಗೆ ಹಾರಬೇಡಿ.

ತಮ್ಮ ಸಭಿಕರು ಮ್ಯೂನಿಕ್‌ನಲ್ಲೇ ಬದುಕುವವರು. ಖಾಲಿ ಪ್ಲಾಸ್ಟಿಕ್ ಬಾಟಲಿ ವಾಪಸು ಕೊಟ್ಟರೆ ಸಿಗುವ 25 ಸೆಂಟ್, ಭಾನುವಾರ ಮುಚ್ಚಿದ ಅಂಗಡಿಗಳು, ಬಗೆಬಗೆಯ ಕಸದ ಡಬ್ಬಿಗಳು ಅವರಿಗೆಲ್ಲ ಗೊತ್ತು; ಪೀಠಿಕೆ ಬೇಕಿಲ್ಲ. ಅದೇ ಮಾತನ್ನು ದಾವಣಗೆರೆಯಲ್ಲಿ ಆಡುವುದಾದರೆ, ಬಾಟಲಿಯ ದುಡ್ಡಿನ ಲೆಕ್ಕವನ್ನು ಮೊದಲೇ ಎರಡು ಸಾಲಿನಲ್ಲಿ ಹೇಳಿಬಿಡಿ. ನಗಿಸುವ ಸಾಲಿನ ನಂತರ ವಿವರಿಸಲು ಹೋದರೆ ಯಾರೂ ನಗುವುದಿಲ್ಲ.

ಮುಂದಿನ ಐದು ನಿಮಿಷಕ್ಕೆ ಬಾಟಲಿಯ ವಿಷಯವೊಂದನ್ನೇ ಹಿಡಿಯಿರಿ. ಬರೆದದ್ದನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ‘ಇದೆ’, ‘ಆಗುತ್ತದೆ’ ಎಂದು ಮುಗಿಯುವ ನಗೆಸಾಲುಗಳಿಗೆ ಗುರುತು ಹಾಕಿ, ಅವನ್ನು ಮೊದಲು ತಿದ್ದಿ.